ಟವರ್‌ಗೆ ಅರ್ಜಿ, ಸೀಸಕ್ಕೆ ಸಲುಗೆ

ಪಕ್ಕದ ಮನೆಯ ತಾರಸಿಯ ಮೇಲೆ ಮೊಬೈಲ್ ಟವರ್ ಬರುತ್ತದೆಂದು ಗೊತ್ತಾದರೆ ಬೀದಿಯವರೆಲ್ಲ ಸೇರಿ ನಗರಸಭೆಗೆ ಅರ್ಜಿ ಹಿಡಿದು ಹೋಗುತ್ತೀರಿ. ಮಕ್ಕಳ ಮಿದುಳಿಗೆ ಏನಾಗಿಬಿಡುತ್ತದೋ ಎಂಬ ಭಯ. ಮಕ್ಕಳ ಮೇಲಿನ ಅಕ್ಕರೆಯಿಂದ ಹುಟ್ಟಿದ ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಬೀದಿಯ ತುದಿಯಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು ಇದ್ದರೆ ಅದರ ಮೇಲೆ ಅರ್ಜಿ ಕೊಟ್ಟವರನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಆ ಶೆಡ್ಡಿನ ಬಾಗಿಲಲ್ಲೇ ಮಕ್ಕಳು ಗೋಲಿ ಆಡುತ್ತಿರುತ್ತಾರೆ.

ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಟ್ರೇಡಿನ ಹುಡುಗರಿಗೆ ಪಾಠ ಹೇಳುತ್ತ ತಲೆ ಹಣ್ಣಾದವನು ನಾನು. ನನ್ನ ಹತ್ತಿರ ಕಲಿತವರು, ಅವರ ತಮ್ಮಂದಿರು, ಈಗ ಬ್ಯಾಟರಿ ಅಂಗಡಿ, ಮೊಬೈಲ್ ರಿಪೇರಿ, ವೆಲ್ಡಿಂಗ್ ಶಾಪು, ಟವರ್ ನಿರ್ವಹಣೆ ಎಲ್ಲ ಕಡೆಯೂ ಇದ್ದೀರಿ. ಅದಕ್ಕೇ ಇದನ್ನು ನಿಮಗೆ ಹೇಳಬೇಕೆನಿಸಿತು. ಲೋಹ ಮತ್ತು ವಿದ್ಯುತ್ಕಾಂತೀಯ ಅಲೆ ಎರಡೂ ಮಿದುಳನ್ನು ಸಮಸಮವಾಗಿ ಹಾಳುಮಾಡುತ್ತವೆ ಎನ್ನುವ ಸಂದೇಶಗಳು ವಾಟ್ಸಾಪಿನಲ್ಲಿ ದಿನಾ ಬರುತ್ತವೆ. ಎರಡರ ತೂಕ ಒಂದೇ ಅಲ್ಲ. ಅಲೆಗಳ ವಿಷಯದಲ್ಲಿ ಇರುವುದು ಬಹುಪಾಲು ಶಂಕೆ. ಸೀಸದ ವಿಷಯದಲ್ಲಿ ಇರುವುದು ಹಾಸಿಗೆ ಹಿಡಿದವರ, ಶಾಲೆಯಲ್ಲಿ ಹಿಂದೆ ಬಿದ್ದವರ, ಸತ್ತವರ ಸಾಕ್ಷ್ಯ.

ಸೀಸದಿಂದಲೇ ಶುರು ಮಾಡುತ್ತೇನೆ.

ಸೀಸಕ್ಕೂ ಕ್ಯಾಲ್ಸಿಯಂಗೂ ಇರುವ ವ್ಯತ್ಯಾಸ ನಮ್ಮ ದೇಹಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಸೀಸವೂ ಕರುಳಿನಿಂದ ರಕ್ತಕ್ಕೆ, ಅಲ್ಲಿಂದ ಮೂಳೆಗೆ, ಮಿದುಳಿಗೆ ಹೋಗುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಕ್ಯಾಲ್ಸಿಯಂ ಬೇಕು. ಅಲ್ಲಿ ಸೀಸ ಕೂತರೆ ಸುದ್ದಿ ತಪ್ಪುತ್ತದೆ. ಬೆಳೆದವರಿಗಿಂತ ಮಕ್ಕಳ ಕರುಳು ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಇಷ್ಟರ ಕೆಳಗಿದ್ದರೆ ಸೀಸದಿಂದ ಅಪಾಯವಿಲ್ಲ ಎನ್ನಬಹುದಾದ ಮಟ್ಟ ಯಾವುದೂ ಗೊತ್ತಾಗಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳುತ್ತದೆ.

1970ರ ದಶಕದವರೆಗೂ ಸೀಸದ ವಿಷವೆಂದರೆ ಹೊಟ್ಟೆನೋವು, ಸೆಳವು, ಪ್ರಜ್ಞೆ ತಪ್ಪುವುದು ಎಂದೇ ಹೆಚ್ಚಿನ ವೈದ್ಯರು ತಿಳಿದಿದ್ದರು. ಅಷ್ಟೆಲ್ಲ ಆಗದಿದ್ದರೆ ಮಗು ಚೆನ್ನಾಗಿದೆ ಎಂದು ಲೆಕ್ಕ. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಈ ಲೆಕ್ಕವನ್ನು ಒಪ್ಪಲಿಲ್ಲ. ರಕ್ತದಲ್ಲಿ ಸೀಸ ಬಹಳ ದಿನ ನಿಲ್ಲುವುದಿಲ್ಲ, ಹಿಂದೆ ಎಷ್ಟು ಸೇರಿತ್ತೆಂಬುದು ಅದರಿಂದ ತಿಳಿಯುವುದಿಲ್ಲ, ಹಲ್ಲಿನಲ್ಲಾದರೆ ಉಳಿದುಬಿಡುತ್ತದೆ. ಅವರು ಬಾಸ್ಟನ್ ಪಕ್ಕದ ಚೆಲ್ಸಿ, ಸಾಮರ್‌ವಿಲ್ ಊರುಗಳ ಒಂದನೇ, ಎರಡನೇ ತರಗತಿಯ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. 1979ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ನೋಡುವುದಕ್ಕೆ ಆರೋಗ್ಯವಾಗಿಯೇ ಇದ್ದರು. ಆದರೆ ಬುದ್ಧಿಪರೀಕ್ಷೆಯಲ್ಲಿ, ಕೇಳಿದ್ದನ್ನು ಗ್ರಹಿಸುವುದರಲ್ಲಿ, ಗಮನ ನಿಲ್ಲಿಸುವುದರಲ್ಲಿ ಹಿಂದಿದ್ದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂದು ಶಿಕ್ಷಕರಿಗೆ ತಿಳಿಸಿರಲಿಲ್ಲ. ಆದರೂ ಸೀಸ ಹೆಚ್ಚಾದಂತೆಲ್ಲ ಅವರ ದೂರೂ ಹೆಚ್ಚುತ್ತ ಹೋಗಿತ್ತು: ಹೇಳಿದ್ದನ್ನು ಪಾಲಿಸುವುದಿಲ್ಲ, ಹಿಡಿದ ಕೆಲಸ ಮುಗಿಸುವುದಿಲ್ಲ, ಎಲ್ಲೋ ನೋಡುತ್ತ ಕೂರುತ್ತಾರೆ.

ಮೇಷ್ಟ್ರಾಗಿದ್ದವನಿಗೆ ಈ ಭಾಗ ಓದಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ನಮ್ಮ ಶಾಲೆಗಳಲ್ಲಿ ದಡ್ಡ, ಮಂಕ ಎಂದು ಹಿಂದಿನ ಬೆಂಚಿಗೆ ಸರಿದ ಎಷ್ಟು ಮಕ್ಕಳ ಮೂಳೆಯಲ್ಲಿ ಏನಿತ್ತೆಂದು ನೋಡಿದವರು ಯಾರು? ನೀಡಲ್‌ಮನ್ ಮೇಲೆ ವೈಜ್ಞಾನಿಕ ಅಕ್ರಮದ ಆರೋಪವನ್ನೂ ಹೊರಿಸಲಾಯಿತು. ವಿಚಾರಣೆ ನಡೆದು ಅವರು ನಿರ್ದೋಷಿ ಎಂದು ತೀರ್ಮಾನವಾಯಿತು.

ಆ ಕಾಲದ ಸೀಸ ಮುಖ್ಯವಾಗಿ ಪೆಟ್ರೋಲಿನದು. ಎಂಜಿನ್ ಬಡಿದುಕೊಳ್ಳದಿರಲೆಂದು 1920ರ ದಶಕದಿಂದ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಅದು ನಿಂತದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ನಿಲ್ಲಿಸಿತು. ಭಾರತದಲ್ಲಿ ಈ ವಿಷಯ ಹಿಡಿದು ಹೊರಟವರಲ್ಲಿ ನಮ್ಮವರೊಬ್ಬರಿದ್ದಾರೆಂಬುದು ನಿಮಗೆ ಗೊತ್ತಿರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜೊತೆಗಾರರು 1990ರ ದಶಕದ ಕೊನೆಯಲ್ಲಿ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿದರು. ಅರ್ಧದಷ್ಟು ಮಕ್ಕಳಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಸಿಕ್ಕಿತು.

ಪೆಟ್ರೋಲು ಶುದ್ಧವಾಯಿತು, ಕಥೆ ಮುಗಿಯಿತು ಎಂದುಕೊಂಡೆವು. ಮುಗಿದಿಲ್ಲ. ಯುನಿಸೆಫ್ 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ. ಒಟ್ಟು 80 ಕೋಟಿ ಮಕ್ಕಳು, ಅದರಲ್ಲಿ ಸುಮಾರು 27 ಕೋಟಿ ನಮ್ಮ ದೇಶದವರು. ದೊಡ್ಡ ಮೂಲಗಳಲ್ಲೊಂದು ಬ್ಯಾಟರಿ. ಲೆಡ್ ಆಸಿಡ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಪ್ರತಿ ಮನೆಗೂ ಇನ್ವರ್ಟರ್ ಬಂತು, ಊರೂರಿಗೆ ಇ-ಆಟೊ ಬಂತು, ಹಳೇ ಬ್ಯಾಟರಿಯ ವ್ಯಾಪಾರವೂ ಬೆಳೆಯಿತು. ಅಧಿಕೃತ ಕಾರ್ಖಾನೆಯಲ್ಲಿ ಅದನ್ನು ಒಡೆಯುವುದಕ್ಕೆ, ಕರಗಿಸುವುದಕ್ಕೆ ಮುಚ್ಚಿದ ಕುಲುಮೆ, ಹೊಗೆ ಸೋಸುವ ವ್ಯವಸ್ಥೆ ಇರುತ್ತದೆ. ಶೆಡ್ಡಿನಲ್ಲಿ ಕೊಡಲಿ ಇರುತ್ತದೆ, ಮಣ್ಣಿನ ಒಲೆ ಇರುತ್ತದೆ, ಆಸಿಡ್ಡು ಚರಂಡಿಗೆ ಹೋಗುತ್ತದೆ.

ಬ್ಯಾಟರಿ ಅಂಗಡಿಯಲ್ಲಿರುವ ಹುಡುಗರೇ, ಕೆಲಸ ಬಿಡಿ ಎಂದು ನಾನು ಹೇಳಲಾರೆ. ಅನ್ನ ಕೊಡುವ ಕೆಲಸ ಅದು. ಆದರೆ ಹಳೇ ಬ್ಯಾಟರಿಯನ್ನು ನೀವೇ ಒಡೆಯಬೇಡಿ, ಕೆ.ಜಿ.ಗೆ ನಾಲ್ಕು ಕಾಸು ಕಡಿಮೆ ಸಿಕ್ಕರೂ ಪರವಾನಗಿ ಇದ್ದವರಿಗೇ ಕೊಡಿ. ಹಳೆಯದನ್ನು ವಾಪಸು ಪಡೆಯುವ ಹೊಣೆ ತಯಾರಕರದ್ದೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ, ಅದನ್ನು ಕೇಳಿ ಪಡೆಯಿರಿ. ಕೆಲಸದ ಅಂಗಿ, ಚಪ್ಪಲಿ ಅಂಗಡಿಯಲ್ಲೇ ಇರಲಿ. ಮನೆಗೆ ಹೋದೊಡನೆ ಓಡಿ ಬರುವ ಮಗುವನ್ನು ಎತ್ತಿಕೊಳ್ಳುವ ಆಸೆ ಎಂಥದ್ದೆಂದು ನನಗೆ ಗೊತ್ತು. ಸ್ನಾನ ಮಾಡಿ ಎತ್ತಿಕೊಳ್ಳಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ನೆನೆಹಾಕಬೇಡಿ.

ಮೊಬೈಲ್, ಟಿವಿ ರಿಪೇರಿಯವರಿಗೆ ಇನ್ನೊಂದು ಮಾತು. ಸೋಲ್ಡರ್ ಮಾಡುವಾಗ ಏಳುವ ಬಿಳಿ ಹೊಗೆಯನ್ನು ಕಂಡು ಸೀಸದ ಹೊಗೆಯೆಂದು ಹೆದರುತ್ತೀರಿ. ಅದು ಬಹುಪಾಲು ಫ್ಲಕ್ಸಿನ ರಾಳದ ಹೊಗೆ. ಉಬ್ಬಸಕ್ಕೆ ದಾರಿ, ಆದ್ದರಿಂದ ಒಂದು ಸಣ್ಣ ಫ್ಯಾನು ಇರಲೇಬೇಕು. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ನಿಮ್ಮ ಐರನ್ನು ಇರುವುದು 350ರ ಆಸುಪಾಸಿನಲ್ಲಿ. ನಿಜವಾದ ಸೀಸ ಇರುವುದು ನಿಮ್ಮ ಬೆರಳಿನಲ್ಲಿ, ಟೇಬಲ್ಲಿನ ಧೂಳಿನಲ್ಲಿ. ಸೋಲ್ಡರ್ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು, ಕೈ ತೊಳೆಯದೆ ಬೋಂಡ ತಿನ್ನುವುದು, ಅದೇ ಟೇಬಲ್ಲಿನ ಮೇಲೆ ಟೀ ಲೋಟ ಇಡುವುದು, ಇವು ಮೂರನ್ನು ಬಿಟ್ಟರೆ ಅರ್ಧ ಗೆದ್ದಂತೆ. ಸೀಸವಿಲ್ಲದ ಸೋಲ್ಡರೂ ಸಿಗುತ್ತದೆ. ಸ್ವಲ್ಪ ದುಬಾರಿ, ಸ್ವಲ್ಪ ಹೆಚ್ಚು ಬಿಸಿ ಬೇಡುತ್ತದೆ, ಅಷ್ಟೇ.

ಮನೆಯೊಳಗಿನ ಸೀಸ ಇನ್ನೂ ಸದ್ದಿಲ್ಲದ್ದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ಮತ್ತೆ ರೂಢಿಗೆ ಬರುತ್ತಿದೆ, ಸಂತೋಷ. ಕಲಾಯಿಗೆ ಬೇಕಾದದ್ದು ಶುದ್ಧ ತವರ. ತವರ ದುಬಾರಿ, ಸೀಸ ಅಗ್ಗ; ಬೆರಕೆ ಮಾಡಿದರೆ ಹುಣಸೆಹುಳಿಯ ಸಾರು ಅದನ್ನು ಎಳೆದು ತಟ್ಟೆಗೆ ತರುತ್ತದೆ. ನಂಬಿಕಸ್ಥರ ಹತ್ತಿರವೇ ಹಾಕಿಸಿ. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಕಿಟಕಿ, ಬಾಗಿಲು, ಗ್ರಿಲ್ಲುಗಳ ಬಣ್ಣವನ್ನು ಒಣಗಿದಂತೆಯೇ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಬಸುರಿಯರನ್ನೂ ಮಕ್ಕಳನ್ನೂ ದೂರ ಇಡಿ. ಬಾಂಗ್ಲಾದೇಶದಲ್ಲಿ ಅರಿಸಿನದ ಕೊಂಬಿಗೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಹಚ್ಚುತ್ತಿದ್ದರು. 2019ರಲ್ಲಿ ಮಾರುಕಟ್ಟೆಯ ಅರಿಸಿನದ 47 ಪ್ರತಿಶತ ಮಾದರಿಗಳಲ್ಲಿ ಅದು ಸಿಕ್ಕಿತು. ಸರ್ಕಾರ ದಂಡ ಹಾಕಿತು, ಪತ್ರಿಕೆಗಳು ಬರೆದವು, ವ್ಯಾಪಾರಿಗಳಿಗೆ ತಿಳಿಹೇಳಿದರು. 2021ರ ಹೊತ್ತಿಗೆ ಅದು ಸೊನ್ನೆಗೆ ಇಳಿಯಿತು. ಎರಡೇ ವರ್ಷ! ಮನಸ್ಸು ಮಾಡಿದರೆ ಆಗುವ ಕೆಲಸವೆಂದು ನಿಮಗೆ ತಿಳಿಯಲೆಂದೇ ಇದನ್ನು ಹೇಳುತ್ತಿದ್ದೇನೆ.

ವೆಲ್ಡರುಗಳಿಗೆ ಮ್ಯಾಂಗನೀಸಿನ ಮಾತು. ಸಂಡೂರಿನ ಬೆಟ್ಟಗಳಲ್ಲಿ ಅಗೆಯುವ ಈ ಲೋಹ ಉಕ್ಕಿನಲ್ಲಿ, ವೆಲ್ಡಿಂಗ್ ರಾಡಿನಲ್ಲಿ ಇರುತ್ತದೆ. ಊಟದಲ್ಲಿ ಬರುವ ಮ್ಯಾಂಗನೀಸನ್ನು ಪಿತ್ತಜನಕಾಂಗ ಅಳೆದು ಹೊರಹಾಕುತ್ತದೆ, ದೇಹಕ್ಕೆ ಅದು ಸ್ವಲ್ಪ ಬೇಕು ಕೂಡ. ಉಸಿರಿನಲ್ಲಿ ಹೋದದ್ದಕ್ಕೆ ಆ ಕಾವಲಿಲ್ಲ. ಮ್ಯಾಂಗನೀಸ್ ಅದಿರು ಅರೆಯುತ್ತಿದ್ದ ಸ್ಕಾಟ್ಲೆಂಡಿನ ಕಾರ್ಮಿಕರ ಕಾಲುಗಳು ಸೋತದ್ದನ್ನು ಕೂಪರ್ ಎಂಬ ವೈದ್ಯ 1837ರಲ್ಲೇ ಬರೆದಿಟ್ಟ. ಮುಖದ ಭಾವ ಮರೆಯಾಗುತ್ತದೆ, ದನಿ ತಗ್ಗುತ್ತದೆ, ಸಿಡುಕು ಹೆಚ್ಚುತ್ತದೆ, ತುದಿಗಾಲಲ್ಲಿ ಹುಂಜದಂತೆ ನಡೆಯುವುದಾಗುತ್ತದೆ. ನೋಡಿದರೆ ಪಾರ್ಕಿನ್ಸನ್ ಎನಿಸುತ್ತದೆ, ಆದರೆ ಪಾರ್ಕಿನ್ಸನ್ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಕಣ್ಣಿಗೆ ಗಾಜು ಹಾಕಿಕೊಳ್ಳುವ ನೀವು ಮೂಗನ್ನು ಯಾಕೆ ಮರೆಯುತ್ತೀರಿ? ಕರ್ಚೀಫು ಕಟ್ಟಿದರೆ ಸಾಲದು, ವೆಲ್ಡಿಂಗ್ ಹೊಗೆಗೆಂದೇ ಬರುವ ಮಾಸ್ಕು ಬೇಕು. ಟ್ಯಾಂಕಿನೊಳಗೆ, ಮುಚ್ಚಿದ ಕೋಣೆಯಲ್ಲಿ ಗಾಳಿ ಎಳೆಯುವ ಫ್ಯಾನಿಲ್ಲದೆ ಕೆಲಸ ಹಿಡಿಯಲೇಬೇಡಿ. ಮಾಲೀಕರು ಗದರಿದರೂ ಸರಿ.

ಇನ್ನು ಅಲೆಗಳ ವಿಷಯ.

ವಿದ್ಯುತ್ಕಾಂತೀಯ ಕ್ಷೇತ್ರ ಮಿದುಳಿಗೆ ಏನೂ ಮಾಡದು ಎಂದರೆ ಅದೂ ಸುಳ್ಳಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಖಿನ್ನತೆಯ ಕೆಲವು ರೋಗಿಗಳ ತಲೆಗೆ ಸುರುಳಿ ಹಿಡಿದು ಕಾಂತಮಿಡಿತ ಕೊಟ್ಟು ಚಿಕಿತ್ಸೆ ಮಾಡುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ತಂಡ ಕಂಡುಕೊಂಡ ವಿಧಾನ ಅದು. ಆ ಸುರುಳಿಯ ಬಳಿ ಕ್ಷೇತ್ರದ ಬಲ ಒಂದೂವರೆ, ಎರಡು ಟೆಸ್ಲಾ. ನಾವು ನಿಂತ ಭೂಮಿಯದು ಟೆಸ್ಲಾದ ಒಂದು ಲಕ್ಷದಲ್ಲಿ ನಾಲ್ಕು ಭಾಗದಷ್ಟು. ಪ್ರಮಾಣವೇ ಇಲ್ಲಿ ಮುಖ್ಯ.

ಮೊಬೈಲಿನ ಅಲೆಗೆ ಎಕ್ಸ್‌ರೇಯಂತೆ ಅಣುವಿನ ಬಂಧ ಮುರಿಯುವ ತಾಕತ್ತಿಲ್ಲ. ಅದರ ಒಂದೊಂದು ಕಣದ ಶಕ್ತಿ, ನಮ್ಮ ಮೈಬಿಸಿಯಲ್ಲಿ ಅಣುಗಳು ತಾವಾಗಿಯೇ ಕುಲುಕಾಡುವ ಶಕ್ತಿಗಿಂತ ಸಾವಿರಾರು ಪಟ್ಟು ಕಡಿಮೆ. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯೇರುವುದು, ಅದಕ್ಕೇ ಮಿತಿ ಹಾಕುತ್ತಾರೆ. ನಮ್ಮ ದೇಶ 2012ರಲ್ಲಿ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲೊಂದು ಭಾಗಕ್ಕೆ ಇಳಿಸಿತು. ಫೋನಿಗೆ ಒಂದು ಕೆ.ಜಿ. ಅಂಗಾಂಶಕ್ಕೆ 1.6 ವ್ಯಾಟ್ ಎಂದು ನಿಗದಿ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು ‘ಬಹುಶಃ ಕಾರಣವಾಗಬಹುದು’ ಎನ್ನುವ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಅದೇ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ. ಸೀಸದ ನಿರವಯವ ಸಂಯುಕ್ತಗಳು ಇರುವುದು ಅದಕ್ಕಿಂತ ಮೇಲಿನ 2ಎ ಗುಂಪಿನಲ್ಲಿ. ಆಮೇಲೆ ಅದೇ ಆರೋಗ್ಯ ಸಂಸ್ಥೆ ಮಾಡಿಸಿದ, 1994ರಿಂದ 2022ರವರೆಗಿನ 63 ಅಧ್ಯಯನಗಳ ಪರಿಶೀಲನೆ 2024ರಲ್ಲಿ ಹೊರಬಂತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ, ಹತ್ತು ವರ್ಷಕ್ಕಿಂತ ಹೆಚ್ಚು ಬಳಸಿದವರಲ್ಲೂ ಕಾಣಲಿಲ್ಲ.

ಟವರ್ ದೂರವಿದ್ದಷ್ಟೂ ಕ್ಷೇಮ ಎನ್ನುವುದು ಇನ್ನೊಂದು ನಂಬಿಕೆ. ಕಿವಿಗೆ ಒತ್ತಿಕೊಂಡ ಫೋನಿನಿಂದ ತಲೆಗೆ ತಲುಪುವ ಶಕ್ತಿ ಟವರಿನಿಂದ ತಲುಪುವುದಕ್ಕಿಂತ ಹೆಚ್ಚು. ಟವರ್ ಹತ್ತಿರವಿದ್ದು ಸಿಗ್ನಲ್ ತುಂಬ ಇದ್ದರೆ ಫೋನು ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಒಂದೇ ಕಡ್ಡಿ ಇರುವ ಮಲೆನಾಡಿನ ಕಣಿವೆಯಲ್ಲಿ ಅದು ಪೂರ್ತಿ ಶಕ್ತಿ ಹಾಕಿ ಕೂಗುತ್ತದೆ, ದೂರದ ಗದ್ದೆಯಲ್ಲಿದ್ದವರನ್ನು ಕರೆಯುವ ಹಾಗೆ. ಜಾಗ್ರತೆ ಬೇಕೆನಿಸಿದರೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ. ಇಂಚು ದೂರವಾದರೂ ಸಾಕು, ಬಹಳ ತಗ್ಗುತ್ತದೆ. ಟವರ್ ಹತ್ತುವ ಹುಡುಗರ ಲೆಕ್ಕ ಬೇರೆ: ಆಂಟೆನಾದ ಎದುರಿಗೆ ಹೋಗುವ ಮುಂಚೆ ಆ ಸೆಕ್ಟರನ್ನು ಬಂದ್ ಮಾಡಿಸಿ, ಬೆಲ್ಟಿನ ಕೊಂಡಿಯನ್ನು ಎರಡು ಸಲ ಎಳೆದು ನೋಡಿ.

ಟವರ್ ಬಂದ ಮೇಲೆ ತಲೆನೋವು, ನಿದ್ದೆಯಿಲ್ಲ ಎನ್ನುವವರನ್ನು ಹೀಯಾಳಿಸಬೇಡಿ. ಅವರ ನೋವು ನಿಜ. ಅಲೆ ಇದೆಯೋ ಇಲ್ಲವೋ ಎಂದು ಅವರಿಗೂ ಪರೀಕ್ಷಕರಿಗೂ ಗೊತ್ತಿಲ್ಲದಂತೆ ಮಾಡಿದ ಪ್ರಯೋಗಗಳಲ್ಲಿ ಮಾತ್ರ, ಅಲೆ ಇದ್ದಾಗಲೂ ಇಲ್ಲದಾಗಲೂ ತೊಂದರೆ ಒಂದೇ ಥರ ಕಾಣಿಸಿತು. ಅಂಥವರನ್ನು ಒಳ್ಳೆಯ ವೈದ್ಯರ ಬಳಿಗೆ ಕರೆದೊಯ್ಯಿರಿ, ತಾಯಿತ ಮಾರುವವರ ಬಳಿಗೆ ಬೇಡ. 5ಜಿಯಿಂದ ಕಾಪಾಡುತ್ತದೆಂದು ಮಾರುತ್ತಿದ್ದ ಪದಕ, ಬಳೆ, ಕಣ್ಣುಪಟ್ಟಿಗಳನ್ನು 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸ್ ಸರ್ಕಾರ ಪರೀಕ್ಷಿಸಿದಾಗ ಅವುಗಳಲ್ಲಿ ಹತ್ತು ವಸ್ತುಗಳು ವಿಕಿರಣ ಸೂಸುತ್ತಿದ್ದವು. ಬಂಧ ಮುರಿಯಬಲ್ಲ ನಿಜವಾದ ವಿಕಿರಣ! ಅದರಲ್ಲಿ ಮಕ್ಕಳಿಗೆಂದೇ ಮಾಡಿದ ಬಳೆಯೂ ಇತ್ತು.

ಮೊಬೈಲು ಮಿದುಳಿಗೆ ಮಾಡುವ ದೊಡ್ಡ ಹಾನಿ ಎಲ್ಲಿ ನಡೆಯುತ್ತದೆಂದು ನೋಡಬೇಕಾದರೆ ರಸ್ತೆಗೆ ಬನ್ನಿ. ಹೆಲ್ಮೆಟ್ಟಿನೊಳಗೆ ಫೋನು ತುರುಕಿಕೊಂಡು, ಕತ್ತು ವಾಲಿಸಿಕೊಂಡು ಗಾಡಿ ಓಡಿಸುವ ಹುಡುಗರೇ, ನಿಮ್ಮನ್ನು ಕಂಡರೆ ನನ್ನ ಎದೆ ಧಸಕ್ ಎನ್ನುತ್ತದೆ. ರಾತ್ರಿ ಎರಡರವರೆಗೆ ರೀಲ್ಸ್ ನೋಡಿ ಬೆಳಿಗ್ಗೆ ಅದೇ ಗಾಡಿ ಹತ್ತುವವರನ್ನು ಕಂಡರೂ ಅಷ್ಟೇ.

ಅಲೆಗಳಿಂದ ಮತ್ತೆ ಲೋಹಕ್ಕೆ ಬರುತ್ತೇನೆ. ಇನ್ನು ತಾಮ್ರ. ತಾಮ್ರದ ಚೊಂಬಿನ ನೀರು ಕುಡಿಯುವುದರಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ಆದರೆ ಹುಟ್ಟಿನಿಂದಲೇ ತಾಮ್ರವನ್ನು ಹೊರಹಾಕಲಾಗದ ಕೆಲವರಿದ್ದಾರೆ. ಅದು ವಿಲ್ಸನ್ ಕಾಯಿಲೆ. ತಾಮ್ರ ಪಿತ್ತಜನಕಾಂಗದಲ್ಲಿ, ಮಿದುಳಿನಲ್ಲಿ, ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಕೂಡುತ್ತದೆ. ಹದಿಹರೆಯದಲ್ಲಿ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಸ್ವಭಾವ ಬದಲಾಗುತ್ತದೆ. ಗಾಳಿ ಮೆಟ್ಟಿಕೊಂಡಿದೆ ಎನ್ನುತ್ತ ವರ್ಷ ಕಳೆಯುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನು ಬಂದರೆ ಮಾತ್ರ ಬರುವ ಕಾಯಿಲೆಯಾದ್ದರಿಂದ, ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ನಮ್ಮ ಕಡೆ ಇದನ್ನು ನೆನಪಿಡಲೇಬೇಕು. ನಿಮ್ಹಾನ್ಸ್ ದಶಕಗಳಿಂದ ನೂರಾರು ಮಂದಿಗೆ ಇದರ ಚಿಕಿತ್ಸೆ ಕೊಡುತ್ತ ಬಂದಿದೆ. ಬೇಗ ಹಿಡಿದರೆ ಮಾತ್ರೆಯಲ್ಲೇ ಬದುಕು ಸರಿದಾರಿಗೆ ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಒಡಹುಟ್ಟಿದವರಿಗೆಲ್ಲ, ಏನೂ ಲಕ್ಷಣವಿಲ್ಲದಿದ್ದರೂ, ಪರೀಕ್ಷೆ ಮಾಡಿಸಬೇಕು.

ಮೈಯೊಳಗಿನ ಲೋಹ ತೆಗೆಯುತ್ತೇವೆಂದು ಡ್ರಿಪ್ ಹಾಕುವ ಡಿಟಾಕ್ಸ್ ಕೇಂದ್ರಗಳಿಂದ ದೂರವಿರಿ. ಲೋಹ ಕಟ್ಟಿ ಹೊರತರುವ ಔಷಧಗಳಿವೆ, ಆದರೆ ರಕ್ತದಲ್ಲಿ ಮಟ್ಟ ಬಹಳ ಏರಿದವರಿಗೆ ಮಾತ್ರ, ಆಸ್ಪತ್ರೆಯಲ್ಲಿ ಮಾತ್ರ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗುವೊಂದು ಇಂಥ ಡ್ರಿಪ್ಪಿನಿಂದ ರಕ್ತದ ಕ್ಯಾಲ್ಸಿಯಂ ಕುಸಿದು ಸತ್ತಿತು. ಚೀಟಿಯಿಲ್ಲದ ಭಸ್ಮ, ಪುಡಿಗಳನ್ನೂ ನಂಬಬೇಡಿ. 2004ರಲ್ಲಿ ಬಾಸ್ಟನ್ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ನಿಮ್ಮಲ್ಲಿ ಹಲವರಿಗೆ ಈ ವರ್ಷ, ಮುಂದಿನ ವರ್ಷ ಮದುವೆ. ಹುಟ್ಟಲಿರುವ ಮಕ್ಕಳ ಬಗ್ಗೆಯೂ ಈಗಲೇ ಯೋಚಿಸಿ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದ ತಾಯಂದಿರಲ್ಲಿ ಎಷ್ಟೋ ಜನ ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದರು; ಹುಟ್ಟಿದ ಮಕ್ಕಳು ಕತ್ತು ನಿಲ್ಲಿಸಲಾರದೆ ಹೋದರು. ವಿಷವನ್ನು ಮಾಸು ತಡೆಯುತ್ತದೆ ಎಂಬ ಅಂದಿನ ವೈದ್ಯರ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. ಸೀಸವೂ ಮಾಸನ್ನು ದಾಟುತ್ತದೆ. ಹೆಣ್ಣುಮಗಳು ಚಿಕ್ಕಂದಿನಲ್ಲಿ ನುಂಗಿದ ಸೀಸ ದಶಕಗಳ ಕಾಲ ಮೂಳೆಯಲ್ಲಿದ್ದು, ಬಸುರಿನಲ್ಲಿ ಮೂಳೆಯ ಕ್ಯಾಲ್ಸಿಯಂ ಕರಗುವಾಗ ಅದರ ಜೊತೆ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆಗೆ ಕಡಿಮೆಯಾದರೆ, ಕಬ್ಬಿಣ, ಕ್ಯಾಲ್ಸಿಯಂ ಕೊರತೆಯಾದರೆ ಸೀಸ ಇನ್ನೂ ಹೆಚ್ಚು ಹೀರಲ್ಪಡುತ್ತದೆ. ಆದ್ದರಿಂದ ರಾಗಿ, ಸೊಪ್ಪು, ಹಾಲು ಮನೆಯಲ್ಲಿರಲಿ, ಬೆಳಗಿನ ತಿಂಡಿ ತಿನ್ನದೆ ಅಂಗಡಿಗೆ ಹೋಗಬೇಡಿ, ಹೆಂಡತಿಯ ಕಬ್ಬಿಣದ ಮಾತ್ರೆ ತಪ್ಪದಿರಲಿ.

ಬ್ಯಾಟರಿ, ಸೋಲ್ಡರಿಂಗ್, ಪೇಂಟಿಂಗ್ ಕೆಲಸದವರು ಮದುವೆಗೆ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ. ಲ್ಯಾಬಿನಲ್ಲಿ ‘ಬ್ಲಡ್ ಲೆಡ್’ ಎಂದು ಹೆಸರು ಹಿಡಿದೇ ಕೇಳಬೇಕು, ಸಾಮಾನ್ಯ ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೂಲ ಎಲ್ಲಿದೆಯೆಂದು ಹುಡುಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಂಕಿ ಎಷ್ಟೇ ಬರಲಿ, ವೈದ್ಯರಿಗೆ ತೋರಿಸಿದ ಮೇಲೆ ಆ ಚೀಟಿ ಹಿಡಿದುಕೊಂಡು ನಮ್ಮ ಮನೆಗೂ ಬನ್ನಿ. ನಿಮ್ಮ ಅಂಗಡಿಗೆ ನಾನೂ ಬರುತ್ತೇನೆ. ಕೈ ತೊಳೆಯುವ ನಲ್ಲಿ ಎಲ್ಲಿ ಬರಬೇಕು, ಊಟದ ಜಾಗ ಎಲ್ಲಿಗೆ ಹೋಗಬೇಕು ಎಂದು ನಿಂತು ನೋಡೋಣ.